ಏಳು ಚಿಕ್ಕ ಗ್ರಂಥಿಗಳು: ಪ್ರಾಸ್ಟೇಟ್ ಬಯಾಪ್ಸಿಯ ಪ್ರೋಟೀನ್ ಮಾರ್ಕರ್‌ಗಳೊಂದಿಗೆ ನನ್ನ ಅನುಭವ

ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ಓದುವ ನನ್ನ ಬಳಿ ಬಂದ ಒಂದು ಪ್ರಾಸ್ಟೇಟ್ ಬಯಾಪ್ಸಿಯ ತುಣುಕಿನಲ್ಲಿ ಏಳು ಚಿಕ್ಕ ಗ್ರಂಥಿಗಳು ಗುಂಪಾಗಿದ್ದವು. ಸೂಜಿಯಿಂದ ತೆಗೆದ ತುಣುಕಿನ ಅಗಲ ಒಂದು ಮಿಲಿಮೀಟರನ್ನು ದಾಟುವುದಿಲ್ಲವಾದ್ದರಿಂದ, ಆ ಗುಂಪು ಎಲ್ಲಿಯವರೆಗೆ ಹರಡಿದೆ, ಸುತ್ತಲಿನ ದೊಡ್ಡ ಗ್ರಂಥಿಗಳಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಪೂರ್ತಿಯಾಗಿ ನೋಡಲು ಸಾಧ್ಯವಿರಲಿಲ್ಲ. ಎಚ್ ಅಂಡ್ ಇ (ಹೆಮಟಾಕ್ಸಿಲಿನ್ ಮತ್ತು ಇಯೋಸಿನ್) ಎಂಬ ವಾಡಿಕೆಯ ಬಣ್ಣದಲ್ಲಿ ಕೋಶದ್ರವ್ಯ ತೆಳುವಾಗಿ, ತಿಳಿಯಾಗಿ ಕಾಣುತ್ತಿತ್ತು. ಹೊರಗಿರಬೇಕಾದ ತಳಪದರ ಕಣ್ಣಿಗೆ ಬೀಳುತ್ತಿರಲಿಲ್ಲ. ಕ್ಯಾನ್ಸರಿನ ಅನುಮಾನ ಬಂದು, ನಿರ್ದಿಷ್ಟ ಪ್ರೋಟೀನುಗಳನ್ನು ಬಣ್ಣದಿಂದ ತೋರಿಸುವ ಮೂರು ಮಾರ್ಕರ್‌ಗಳನ್ನು ಹಾಕಿಸಿದೆ.

ಆ ಮೂರನ್ನೇ ಆರಿಸಲು ಕಾರಣವಿದೆ. ಪ್ರಾಸ್ಟೇಟಿನ ಸಹಜ ಗ್ರಂಥಿಯಲ್ಲಿ ಒಳಗೆ ಸ್ರವಿಸುವ ಕೋಶಗಳೂ ಅವುಗಳ ಹೊರಗೆ, ಆಧಾರಪೊರೆಗೆ ಹೊಂದಿಕೊಂಡು, ತಳಕೋಶಗಳೂ ಇರುತ್ತವೆ. ಸಾಮಾನ್ಯ ಬಗೆಯ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಈ ತಳಕೋಶಗಳು ಕಾಣೆಯಾಗುತ್ತವೆ, ನಿರುಪದ್ರವಿ ಬದಲಾವಣೆಗಳಲ್ಲಿ ಪೂರ್ಣವಾಗಿಯೋ ಹರಿದುಹೋದಂತೆಯೋ ಉಳಿದಿರುತ್ತವೆ. ಪಿ63 ಎಂಬ ಪ್ರೋಟೀನ್ ತಳಕೋಶದ ಕೇಂದ್ರದಲ್ಲಿ ಬಣ್ಣ ಹಿಡಿಯುತ್ತದೆ. 34 ಬೀಟಾ ಇ 12 ಎಂಬ ಪ್ರತಿಕಾಯ ಗುರುತಿಸುವ ಹೆಚ್ಚು ಅಣುತೂಕದ ಸೈಟೋಕೆರಾಟಿನ್ ಎಂಬ ತಂತು ಪ್ರೋಟೀನ್ ಅದೇ ಕೋಶದ ದ್ರವ್ಯದಲ್ಲಿ ಕಾಣುತ್ತದೆ. ಮೂರನೆಯದಾದ ಎಎಮ್‌ಎಸಿಆರ್ ಕವಲೊಡೆದ ಕೊಬ್ಬಿನಾಮ್ಲಗಳನ್ನು ಒಡೆಯುವ ಕೆಲಸಕ್ಕೆ ಬೇಕಾದ ಕಿಣ್ವ. ಹೆಚ್ಚಿನ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಅದರ ಪ್ರಮಾಣ ಏರಿ, ಕೋಶದ್ರವ್ಯದಲ್ಲಿ ಕಾಳುಕಾಳಾಗಿ ತೋರುತ್ತದೆ. ನಮ್ಮಲ್ಲಿ ಮೂರನ್ನೂ ಒಂದೇ ಸ್ಲೈಡಿನ ಮೇಲೆ ಹಾಕುತ್ತೇವೆ: ಮೊದಲಿನ ಎರಡಕ್ಕೆ ಕಂದು, ಮೂರನೆಯದಕ್ಕೆ ಕೆಂಪು.

ಸ್ಲೈಡು ಬಂದಾಗ ಏಳರಲ್ಲಿ ಐದು ಗ್ರಂಥಿಗಳ ಸುತ್ತ ಕಂದು ಬಣ್ಣವೇ ಇರಲಿಲ್ಲ. ಉಳಿದೆರಡರಲ್ಲಿ ಅಲ್ಲೊಂದು ಇಲ್ಲೊಂದು ತಳಕೋಶವಿತ್ತು. ಮೂರು ಗ್ರಂಥಿಗಳಲ್ಲಿ ಮಸುಕಾದ ಕೆಂಪು ಸಹ ಇತ್ತು. ಬಣ್ಣವನ್ನು ಮಾತ್ರ ಎಣಿಸಿದ್ದರೆ ಕ್ಯಾನ್ಸರ್ ಎಂದು ಬರೆಯುವುದು ಸುಲಭವಾಗಿತ್ತು, ಮತ್ತು ನಾನು ಅದರ ಅಂಚಿನವರೆಗೂ ಹೋಗಿದ್ದೆ. ನನ್ನನ್ನು ತಡೆದದ್ದು ಆ ಎರಡು ಗ್ರಂಥಿಗಳು. ತಳಕೋಶವಿದ್ದ ಆ ಎರಡಕ್ಕೂ ಇಲ್ಲದ ಐದಕ್ಕೂ ರೂಪದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಒಂದೇ ಗುಂಪಿನ, ಒಂದೇ ಮುಖಲಕ್ಷಣದ ಗ್ರಂಥಿಗಳಲ್ಲಿ ಎರಡು ನಿರುಪದ್ರವಿಯಾಗಿ ಐದು ಕ್ಯಾನ್ಸರ್ ಆಗಿರುವುದು ಹೇಗೆ ಎಂದು ಕೇಳಿಕೊಂಡು ಎಚ್ ಅಂಡ್ ಇ ಸ್ಲೈಡಿಗೆ ಹಿಂದಿರುಗಿದೆ. ಎರಡನೆಯ ನೋಟದಲ್ಲಿ ಬೇರೆಯದೇ ಕಂಡಿತು: ಕೋಶಗಳ ಮೇಲ್ಭಾಗದಲ್ಲಿ ದ್ರವ್ಯ ಬಹಳ ಕಡಿಮೆಯಿದ್ದು ಕೋಶಕೇಂದ್ರ ಹೆಚ್ಚುಕಡಿಮೆ ಕೋಶದ ಎತ್ತರವನ್ನೆಲ್ಲ ತುಂಬಿತ್ತು, ಗ್ರಂಥಿಯ ಒಳ ಅಂಚು ಅಲೆಅಲೆಯಾಗಿತ್ತು, ಕೋಶಕೇಂದ್ರದೊಳಗೆ ಎದ್ದು ಕಾಣುವ ಕಿರುಕೇಂದ್ರಗಳು ಒಂದೂ ಇರಲಿಲ್ಲ. ಇವು ಭಾಗಶಃ ಕ್ಷೀಣತೆ ಎಂಬ, ಕ್ಯಾನ್ಸರನ್ನು ಹೋಲುವ ನಿರುಪದ್ರವಿ ಬದಲಾವಣೆಯ ಲಕ್ಷಣಗಳು. ಈ ಬದಲಾವಣೆಯಲ್ಲಿ ತಳಪದರ ತುಂಡುತುಂಡಾಗಿರುವುದೂ, ಕೆಲವು ಗ್ರಂಥಿಗಳಲ್ಲಿ ಸಿಗದೇ ಹೋಗುವುದೂ, ಎಎಮ್‌ಎಸಿಆರ್ ಸ್ವಲ್ಪ ಬಣ್ಣ ಹಿಡಿಯುವುದೂ ಇದ್ದದ್ದೇ.

ತಳಕೋಶಗಳು ವಿರಳವಾಗಿರುವಲ್ಲಿ ಸ್ಲೈಡಿಗಾಗಿ ಕತ್ತರಿಸಿದ ಮೂರು–ನಾಲ್ಕು ಮೈಕ್ರಾನ್ ದಪ್ಪದ ಅಂಗಾಂಶದ ಸೀಳು ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಹಾದುಹೋಗಬಹುದು. ಹೀಗಾಗಿ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕಿನಿಂದ ಇನ್ನಷ್ಟು ಆಳದ ಸೀಳುಗಳನ್ನು ತೆಗೆಸಿ ಪಿ63 ಮತ್ತೆ ಹಾಕಿಸಿದೆ. ಮೊದಲು ಬರಿದಾಗಿ ಕಂಡಿದ್ದ ಐದರಲ್ಲಿ ಮೂರಕ್ಕೆ ಈ ಬಾರಿ ತಳಕೋಶಗಳು ಕಂಡವು. ಹಿರಿಯ ಸಹೋದ್ಯೋಗಿಯೊಬ್ಬರಿಗೆ ನನ್ನ ಅಭಿಪ್ರಾಯ ಹೇಳದೆ ಸ್ಲೈಡುಗಳನ್ನು ತೋರಿಸಿ, ಅವರೂ ಅದೇ ಮಾತು ಹೇಳಿದ ಮೇಲೆ ಭಾಗಶಃ ಕ್ಷೀಣತೆ ಎಂದು ವರದಿ ಬರೆದೆ. ಆ ವರದಿಯ ಆಚೆ ಒಬ್ಬ ಮನುಷ್ಯನಿದ್ದಾನೆ, ಒಂದು ಪದ ಅವನನ್ನು ಶಸ್ತ್ರಚಿಕಿತ್ಸೆಗೋ ವಿಕಿರಣಕ್ಕೋ ಕಳಿಸಬಲ್ಲದು ಎಂಬ ಅರಿವು ಅಂದಿನಿಂದ ನನ್ನ ಕೈಯನ್ನು ನಿಧಾನಗೊಳಿಸಿದೆ.

ಚಿಕ್ಕ ಗ್ರಂಥಿಗಳು ಗುಂಪಾಗಿ ಬೆಳೆಯುವ ನಿರುಪದ್ರವಿ ಬದಲಾವಣೆಯಾದ ಅಡಿನೋಸಿಸ್‌ನಲ್ಲಿಯೂ ಇದೇ ತರ್ಕ ನಡೆಯುತ್ತದೆ: ತಳಪದರ ಹರಿದಿರುತ್ತದೆ, ಆದರೆ ಗುಂಪನ್ನು ಒಟ್ಟಾಗಿ ನೋಡಿದರೆ ಉಳಿದಿರುತ್ತದೆ. ತಳಕೋಶಗಳೇ ಪದರಪದರವಾಗಿ ಬೆಳೆದಾಗ ಪಿ63 ದಟ್ಟವಾಗಿ ಬರುವುದರಿಂದ ಅಲ್ಲಿ ಗೊಂದಲ ಕಡಿಮೆ.

ಇನ್ನೊಂದು ಸಂದರ್ಭದಲ್ಲಿ ತಪ್ಪಿದ್ದು ಅಂಗಾಂಶದ ಓದಿನಲ್ಲಲ್ಲ, ಬಣ್ಣ ಹಾಕುವ ಹಂತದಲ್ಲಿ. ಸಂಶಯದ ಗ್ರಂಥಿಗಳಲ್ಲಿ ತಳಪದರವಿಲ್ಲ ಎಂದು ಟಿಪ್ಪಣಿ ಬರೆದಾದ ಮೇಲೆ, ಅದೇ ಸ್ಲೈಡಿನ ಮೂಲೆಯಲ್ಲಿದ್ದ ಸಂಪೂರ್ಣ ಸಹಜವಾದ ದೊಡ್ಡ ಗ್ರಂಥಿಯತ್ತ ಕಣ್ಣು ಹೋಯಿತು. ಅದರ ಸುತ್ತಲೂ ಕಂದು ಬಣ್ಣವಿರಲಿಲ್ಲ. ಸ್ಲೈಡೇ ವಿಫಲವಾಗಿತ್ತು. ವಿಚಾರಿಸಿದಾಗ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಮುಚ್ಚಿಹೋದ ಪ್ರತಿಜನಕವನ್ನು (ಪ್ರತಿಕಾಯ ಅಂಟಿಕೊಳ್ಳುವ ಪ್ರೋಟೀನ್ ಭಾಗವನ್ನು) ಬಿಸಿಯಿಂದ ಮರಳಿ ತೆರೆಯುವ ಹಂತದಲ್ಲಿ ದ್ರಾವಣ ಬೇಕಾದಷ್ಟು ಬಿಸಿಯಾಗಿರಲಿಲ್ಲವೆಂದು ತಿಳಿಯಿತು. ಮರುದಿನ ಸರಿಯಾಗಿ ಹಾಕಿದ ಸ್ಲೈಡಿನಲ್ಲಿ ಸಂಶಯದ ಗ್ರಂಥಿಗಳೂ ತಳಕೋಶಗಳನ್ನು ತೋರಿಸಿದವು. ಇಲ್ಲ ಎಂಬ ಉತ್ತರವನ್ನು ನಂಬುವ ಮೊದಲು ಪಕ್ಕದ ಸಹಜ ಗ್ರಂಥಿ ಬಣ್ಣ ಹಿಡಿದಿದೆಯೇ ಎಂದು ನೋಡುವುದು ಈಗ ನನ್ನ ಮೊದಲ ಕೆಲಸ; ಸಂಶಯದ ಗ್ರಂಥಿಗಳನ್ನು ಆಮೇಲೆ ನೋಡುತ್ತೇನೆ.

ಕೆಂಪು ಬಣ್ಣದ ಬಗ್ಗೆಯೂ ಎಚ್ಚರ ಬೇಕು. ಮೂತ್ರನಾಳದ ಮೂಲಕ ಕೆರೆದು ತೆಗೆದ ಚೂರುಗಳಲ್ಲಿ ಒಮ್ಮೆ ಚಿಕ್ಕ ನಳಿಕೆಗಳು ಕಂಡವು. ಎಎಮ್‌ಎಸಿಆರ್ ಗಾಢವಾಗಿತ್ತು, ಪಿ63 ಇರಲಿಲ್ಲ. ಲೆಕ್ಕದ ಪ್ರಕಾರ ಕ್ಯಾನ್ಸರಿನದೇ ಚಿತ್ರ. ಆದರೆ ಅವು ಮೂತ್ರನಾಳದ ಒಳಪದರದ ಕೆಳಗೇ ಇದ್ದವು, ಕೆಲವದರ ಸುತ್ತ ದಪ್ಪ ಗುಲಾಬಿ ಪೊರೆಯಿತ್ತು. ಮೂತ್ರಪಿಂಡದ ನಳಿಕೆಗಳ ಗುರುತಾದ ಪ್ಯಾಕ್ಸ್‌8 ಹಾಕಿಸಿದಾಗ ಎಲ್ಲ ನಳಿಕೆಗಳೂ ಬಣ್ಣ ಹಿಡಿದವು. ಅದು ನಿರುಪದ್ರವಿಯಾದ ನೆಫ್ರೋಜೆನಿಕ್ ಅಡಿನೋಮ. ಪ್ರಾಸ್ಟೇಟಿನ ಸ್ರವಿಸುವ ಕೋಶಗಳಿಂದ ಹುಟ್ಟಿದ ಕ್ಯಾನ್ಸರಿನಲ್ಲಿ ಪ್ಯಾಕ್ಸ್‌8 ಸಾಮಾನ್ಯವಾಗಿ ಬರುವುದಿಲ್ಲ.

ಇನ್ನು ಕೆಲಸದ ಕ್ರಮದ ಮಾತು. ಅನುಮಾನ ಹುಟ್ಟಿದ ಮೇಲೆ ಬ್ಲಾಕನ್ನು ಮತ್ತೆ ಕತ್ತರಿಸಲು ಹೋದರೆ ಏಳು ಗ್ರಂಥಿಗಳ ಗುಂಪು ಪೂರ್ತಿಯಾಗಿ ಕಳೆದುಹೋಗಬಹುದು. ಆದ್ದರಿಂದ ಮೊದಲ ಬಾರಿ ಕತ್ತರಿಸುವಾಗಲೇ ನಡುವಿನ ಸೀಳುಗಳನ್ನು ಬಣ್ಣ ಹಾಕದೆ, ಪ್ರತಿಕಾಯಗಳಿಗೆ ತಕ್ಕ ಲೇಪಿತ ಗಾಜಿನ ಮೇಲೆ ತೆಗೆದಿಡುವಂತೆ ತಂತ್ರಜ್ಞರನ್ನು ಕೇಳಿಕೊಂಡಿದ್ದೇನೆ. ಇಷ್ಟಾದರೂ ಕೆಲವು ಗುಂಪುಗಳು ಎರಡೂ ಕಡೆ ವಾಲದೆ ಉಳಿಯುತ್ತವೆ. ಅಂಥವನ್ನು ಸಂಶಯಾಸ್ಪದ ಚಿಕ್ಕ ಗ್ರಂಥಿಗಳ ಗುಂಪು ಎಂದೇ ಬರೆಯುತ್ತೇನೆ; ಎಷ್ಟು ಗ್ರಂಥಿಗಳಿದ್ದವು, ಎಷ್ಟರಲ್ಲಿ ತಳಕೋಶ ಕಂಡಿತು, ಪಕ್ಕದ ಸಹಜ ಗ್ರಂಥಿ ಬಣ್ಣ ಹಿಡಿದಿತ್ತೇ ಎಂಬುದನ್ನು ಕೆಳಗೆ ಸೇರಿಸಿ, ಮತ್ತೆ ಬಯಾಪ್ಸಿ ಬೇಕೇ ಎಂದು ಮಾತನಾಡಲು ಮೂತ್ರರೋಗ ತಜ್ಞರಿಗೆ ನಾನೇ ಕರೆ ಮಾಡುತ್ತೇನೆ.