ಬೇರಿಂಗ್ ಬದಲು ಸೀಲ್ ಕಡೆ ನೋಡಿದ ಮೇಲೆ

ನಾನು ಡಿಸೈನ್ ಮಾಡಿದ್ದ ಒಂದು ಕನ್ವೇಯರ್‌ನಲ್ಲಿ ಡ್ರಮ್ ಶಾಫ್ಟ್‌ನ ಬೇರಿಂಗ್ ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಿತ್ತು. ಬಾಲ್ ಬೇರಿಂಗ್ ಮೇಲಿನ ಲೋಡ್ ಅರ್ಧವಾದರೆ ಲೆಕ್ಕದ ಪ್ರಕಾರ ಆಯಸ್ಸು 8 ಪಟ್ಟು. ಅದನ್ನೇ ನಂಬಿ ಒಂದು ಸೈಜ್ ದೊಡ್ಡ ಬೇರಿಂಗ್ ಹಾಕಿಸಿದೆ. ಐದನೇ ತಿಂಗಳಿಗೆ ಅದೂ ಸದ್ದು ಮಾಡತೊಡಗಿತು.

ಈ ಸಲ ಅದನ್ನು ಗುಜರಿಗೆ ಬಿಡಲಿಲ್ಲ. ಕೊಯ್ದು ನೋಡಿದೆ. ಬಾಲ್ ಓಡುವ ದಾರಿ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಗ್ರೀಸನ್ನು ಬೆರಳಲ್ಲಿ ತಿಕ್ಕಿದರೆ ಸಣ್ಣ ಮರಳಿನ ಹಾಗೆ ತರಿತರಿ. ಶಾಫ್ಟ್ ಮೇಲೆ ಆಯಿಲ್ ಸೀಲ್ (ಗ್ರೀಸ್ ಹೊರಬಾರದಂತೆ, ದೂಳು ಒಳಹೋಗದಂತೆ ತಡೆಯುವ ರಬ್ಬರ್ ಉಂಗುರ) ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ. ಮೆತ್ತನೆಯ ರಬ್ಬರ್ ಉಕ್ಕನ್ನು ಹೇಗೆ ಸವೆಸುತ್ತದೆ ಅನ್ನಿಸಬಹುದು ಅಲ್ವಾ? ಸೀಲ್‌ನ ತುಟಿಗೆ ದೂಳು ಕಚ್ಚಿಕೊಂಡರೆ ಅದೇ ಎಮರಿ ಪೇಪರ್ ಆಗುತ್ತದೆ. ಆ ಗೆರೆಯಿಂದಲೇ ದೂಳು ಒಳಗೆ ಹೋಗುತ್ತಿತ್ತು. ಬಾಲ್‌ಗೂ ಅದರ ದಾರಿಗೂ ನಡುವೆ ಇರುವ ಎಣ್ಣೆ ಪದರ ಹೆಚ್ಚೆಂದರೆ ಒಂದೆರಡು ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದೆರಡು ಪಾಲು. ಕಣ್ಣಿಗೆ ಕಾಣದ ದೂಳೂ ಅಲ್ಲಿ ಬಂಡೆಯೇ. ಬೇರಿಂಗ್ ಎಷ್ಟು ದೊಡ್ಡದಾದರೂ ಇದು ತಪ್ಪುವುದಿಲ್ಲ.

ಹಳೇ ಸೈಜಿಗೇ ಮರಳಿದೆ. ಸೀಲ್‌ನ ಹೊರಗಡೆ ಲ್ಯಾಬಿರಿಂತ್ ಕೊಟ್ಟೆ, ಅಂದರೆ ದೂಳು ಸುಲಭವಾಗಿ ದಾಟಲಾಗದ ಅಂಕುಡೊಂಕಿನ ಕಿರಿದಾದ ಸಂದು. ಅದರ ಭಾಗಗಳು ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ತಿಕ್ಕಾಟವೂ ಇಲ್ಲ, ಸವೆತವೂ ಇಲ್ಲ. ಸೀಲ್ ಕೂರುವಲ್ಲಿ ಶಾಫ್ಟ್‌ಗೆ ಗಟ್ಟಿ ಮಾಡಿದ ಒಂದು ಸ್ಲೀವ್, ಅಂದರೆ ಕೊಳವೆಯಂಥ ಹೊದಿಕೆ, ತೊಡಿಸಿದೆ. ಸವೆದರೆ ಸ್ಲೀವ್ ಮಾತ್ರ ಬದಲಿಸಿದರೆ ಸಾಕು. ಮೊದಲು ಒಂದು ಗೆರೆಗಾಗಿ ಇಡೀ ಶಾಫ್ಟನ್ನೇ ಎಸೆಯುತ್ತಿದ್ದೆವು. ಅಷ್ಟು ಒಳ್ಳೆ ಉಕ್ಕು ಸುಮ್ನೆ ಕರಗಿಸಲು ಹೋಗುವುದು ನನಗೆ ನಿಜಕ್ಕೂ ನೋವು ಕೊಡುತ್ತಿತ್ತು.

ಗ್ರೀಸ್ ವಿಷಯವೂ ಇದೆ. ಹೊರಗೆ ಉಕ್ಕುವವರೆಗೆ ಗನ್ ಒತ್ತುವುದು ರೂಢಿಯಾಗಿತ್ತು. ಜಾಸ್ತಿ ಗ್ರೀಸ್ ಒಳಗೇ ಕಡೆದುಕೊಂಡು ಬಿಸಿಯೇರುತ್ತದೆ. ಬೇರಿಂಗ್‌ನ ಹೊರ ವ್ಯಾಸ ಮತ್ತು ಅಗಲವನ್ನು ಮಿಲಿಮೀಟರ್‌ನಲ್ಲಿ ತೆಗೆದುಕೊಂಡು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 0.005 ರಿಂದ ಗುಣಿಸಿದರೆ ಒಂದು ಸಲಕ್ಕೆ ಬೇಕಾದ ಗ್ರಾಂ ಸಿಗುತ್ತದೆ. ನಮ್ಮದು 110 ಮಿ.ಮೀ. ವ್ಯಾಸ, 27 ಮಿ.ಮೀ. ಅಗಲ. ಅಂದರೆ ಸುಮಾರು 15 ಗ್ರಾಂ. ಗನ್‌ನ ಒಂದು ಒತ್ತಿಗೆ ಎಷ್ಟು ಬರುತ್ತದೆ ಎಂದು ತೂಗಿ, ಎಷ್ಟು ಸಲ ಒತ್ತಬೇಕೆಂದು ಹೌಸಿಂಗ್ ಮೇಲೆ ಪೇಂಟ್‌ನಲ್ಲಿ ಬರೆಸಿದೆವು.

ಜಗತ್ತಿನಲ್ಲಿ ಬಳಸುವ ಶಕ್ತಿಯಲ್ಲಿ ಸುಮಾರು 20% ಬರೀ ತಿಕ್ಕಾಟವನ್ನು ಮೀರಲು ಹೋಗುತ್ತದೆ ಎಂಬ ಅಂದಾಜು 2017ರಲ್ಲಿ ಪ್ರಕಟವಾಗಿತ್ತು. ಓದಿದಾಗ ಅತಿಯಾಯಿತು ಅನ್ನಿಸಿತ್ತು. ಅದೇ ಕನ್ವೇಯರ್‌ನ ವರ್ಮ್ (ಸ್ಕ್ರೂನಂಥ ಗೇರ್ ಚಕ್ರದ ಹಲ್ಲಿನ ಮೇಲೆ ಜಾರುತ್ತಾ ತಿರುಗಿಸುವ) ಗೇರ್‌ಬಾಕ್ಸ್ ಮೇಲೆ ಕೈ ಇಟ್ಟೆ, ಹಿಡಿದಿರಲು ಆಗಲಿಲ್ಲ. ಆ ಬಿಸಿಯೆಲ್ಲ ಪೋಲಾದ ಕರೆಂಟ್. ಎಣ್ಣೆಗೂ ಅದು ಕೆಟ್ಟದ್ದು. ಸುಮಾರು 10 ಡಿಗ್ರಿ ಏರಿದರೆ ಅದರ ಬಾಳಿಕೆ ಅರ್ಧಕ್ಕಿಳಿಯುತ್ತದೆ. ತಿಕ್ಕಾಟ ಕಡಿಮೆ ಇರುವ ಹೆಲಿಕಲ್ ಬೆವೆಲ್ ಗೇರ್‌ಬಾಕ್ಸ್‌ಗೆ ಬದಲಾಯಿಸಿದ ಮೇಲೆ ಅದೇ ಕೆಲಸಕ್ಕೆ ಚಿಕ್ಕ ಮೋಟಾರ್ ಸಾಕಾಯಿತು.

ಮೂರು ವರ್ಷವಾಯಿತು, ಅದೇ ಬೇರಿಂಗ್ ಓಡುತ್ತಿದೆ. ಸ್ಲೀವ್ ಮಾತ್ರ ಒಮ್ಮೆ ಬದಲಾಗಿದೆ. ಅದನ್ನು ಬಿಚ್ಚಲು ಫಿಟ್ಟರ್‌ಗೆ ಅರ್ಧ ದಿನ ಬೇಕಾಯಿತು, ಎಳೆಯಲು ಹಿಡಿತವೇ ಇರಲಿಲ್ಲ. ಹೊಸ ಡ್ರಾಯಿಂಗ್‌ನಲ್ಲಿ ಸ್ಲೀವ್‌ನ ಮುಖಕ್ಕೆ ಎರಡು ಥ್ರೆಡ್ ತೂತು ಸೇರಿಸಿದ್ದೇನೆ. ಬೋಲ್ಟ್ ಬಿಗಿದರೆ ಸ್ಲೀವ್ ತಾನಾಗಿಯೇ ಹೊರಗೆ ಬರುತ್ತದೆ.