ಒಂದೇ ಪ್ಯಾನಿನಲ್ಲಿ ಚೀಸಿ ಬೀಫ್ ಮ್ಯಾಕರೋನಿ: ಅಳತೆ, ಹದ ಮತ್ತು ಎಲ್ಲೆಲ್ಲಿ ಕೆಡುತ್ತದೆ

ಅಮೆರಿಕದ ಮನೆಗಳಲ್ಲಿ ಕೆಲಸದ ದಿನದ ರಾತ್ರಿಯೂಟಕ್ಕೆ ಮಾಡುವ ಅಡುಗೆ ಇದು. 1971ರಲ್ಲಿ ಜನರಲ್ ಮಿಲ್ಸ್ ಕಂಪನಿ ‘ಹ್ಯಾಂಬರ್ಗರ್ ಹೆಲ್ಪರ್’ ಎಂಬ ಪೊಟ್ಟಣವನ್ನು ಮಾರುಕಟ್ಟೆಗೆ ತಂದ ಮೇಲೆ ಮನೆಮನೆಯ ಮಾತಾಯಿತು. ಪೊಟ್ಟಣದಲ್ಲಿ ಒಣ ಪಾಸ್ತಾ ಮತ್ತು ಮಸಾಲೆ ಪುಡಿ ಇರುತ್ತದೆ, ಒಂದು ಪೌಂಡ್ ಕೀಮಾ ನಾವು ತರಬೇಕು. ಆ ಪೊಟ್ಟಣ ಇಲ್ಲದೆಯೂ 40 ನಿಮಿಷದಲ್ಲಿ ಅದಕ್ಕಿಂತ ರುಚಿಯಾಗಿ ಮಾಡಬಹುದು. ಉಪ್ಪು ಎಷ್ಟು ಬೀಳಬೇಕು ಅನ್ನುವುದೂ ಆಗ ನಮ್ಮ ಕೈಯಲ್ಲೇ ಇರುತ್ತದೆ.

ಪಾಸ್ತಾ ಬೇಯಿಸಿದ ನೀರನ್ನು ಇಲ್ಲಿ ಬಸಿಯುವುದಿಲ್ಲ. ಪಾಸ್ತಾ ಬಿಟ್ಟ ಗಂಜಿಯೆಲ್ಲ ಪ್ಯಾನಿನಲ್ಲೇ ಉಳಿದು, ಕೊನೆಗೆ ಚೀಸ್ ಮತ್ತು ಹಾಲನ್ನು ಒಡೆಯದಂತೆ ಹಿಡಿದಿಡುತ್ತದೆ. ಹಾಗಾಗಿ ದ್ರವವನ್ನು ಕಣ್ಣಳತೆಯಲ್ಲಿ ಸುರಿಯಬಾರದು, ಅಳೆದೇ ಹಾಕಬೇಕು. ಪಾಸ್ತಾವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ನೀರು ಚೆಲ್ಲಿ, ಆಮೇಲೆ ಬೆರೆಸಿದರೆ ಸಾಸ್ ಕೂಡಿಕೊಳ್ಳುವುದೇ ಇಲ್ಲ. ಬಟ್ಟಲಿನ ತಳದಲ್ಲಿ ನೀರು ಬೇರೆ, ಎಣ್ಣೆ ಬೇರೆಯಾಗಿ ನಿಲ್ಲುತ್ತದೆ.

ಬೇಕಾಗುವ ಸಾಮಾನು (ನಾಲ್ಕು ದೊಡ್ಡವರಿಗೆ, ಅಥವಾ ಇಬ್ಬರು ದೊಡ್ಡವರು ಮತ್ತು ಮೂವರು ಮಕ್ಕಳಿಗೆ)

ಬೀಫ್ ಕೀಮಾ – 450 ಗ್ರಾಂ
ಎಲ್ಬೋ ಮ್ಯಾಕರೋನಿ (ಬಾಗಿದ ಸಣ್ಣ ಕೊಳವೆಯಂಥ ಪಾಸ್ತಾ) – 225 ಗ್ರಾಂ
ಈರುಳ್ಳಿ – ಮಧ್ಯಮ ಗಾತ್ರದ್ದು 1, ಸಣ್ಣಗೆ ಹೆಚ್ಚಿದ್ದು
ಬೆಳ್ಳುಳ್ಳಿ – 4 ಎಸಳು, ಜಜ್ಜಿದ್ದು
ಟೊಮೆಟೊ ಪೇಸ್ಟ್ – 2 ದೊಡ್ಡ ಚಮಚ
ಪ್ಯಾಪ್ರಿಕಾ ಅಥವಾ ಬ್ಯಾಡಗಿ ಮೆಣಸಿನ ಪುಡಿ – 2 ಸಣ್ಣ ಚಮಚ
ಕಾಳುಮೆಣಸಿನ ಪುಡಿ – ಅರ್ಧ ಸಣ್ಣ ಚಮಚ
ಉಪ್ಪು ಕಡಿಮೆ ಇರುವ ಬೀಫ್ ಅಥವಾ ಚಿಕನ್ ಸ್ಟಾಕ್ (ಮೂಳೆ, ಮಾಂಸ ಬೇಯಿಸಿ ಸೋಸಿದ ರಸ) – 550 ಮಿ.ಲೀ.
ಕೆನೆ ತೆಗೆಯದ ಹಾಲು – 180 ಮಿ.ಲೀ.
ಚೆಡ್ಡಾರ್ ಚೀಸ್ – 170 ಗ್ರಾಂ, ಆಗಷ್ಟೇ ತುರಿದದ್ದು
ಎಣ್ಣೆ – 1 ಸಣ್ಣ ಚಮಚ. ಉಪ್ಪು – ಮೊದಲಿಗೆ ಅರ್ಧ ಸಣ್ಣ ಚಮಚ, ಉಳಿದದ್ದು ಕೊನೆಯಲ್ಲಿ ನೋಡಿಕೊಂಡು

ಪ್ಯಾನು 30 ಸೆಂ.ಮೀ. ಅಗಲ, ಕನಿಷ್ಠ 6 ಸೆಂ.ಮೀ. ಆಳ ಇರಲಿ. ತಳ ದಪ್ಪವಾಗಿರಬೇಕು, ಮುಚ್ಚಳ ಸರಿಯಾಗಿ ಕೂರಬೇಕು. ತೆಳು ತಳದ ಅಲ್ಯೂಮಿನಿಯಂ ಬಾಣಲೆಯಲ್ಲಿ ಪಾಸ್ತಾ ಖಂಡಿತ ತಳ ಹಿಡಿಯುತ್ತದೆ.

ಮ್ಯಾಕರೋನಿ ಕೊಳ್ಳುವಾಗ ಪೊಟ್ಟಣದ ಮೇಲೆ ದುರಂ ಗೋಧಿ (ಪಾಸ್ತಾಗೆ ಬಳಸುವ ಗಟ್ಟಿ ಗೋಧಿ) ಎಂದು ಬರೆದಿದೆಯೇ ನೋಡಿ. ಮೈದಾ ಬೆರೆತ ಅಗ್ಗದ ಮ್ಯಾಕರೋನಿ ಬೇರೆ ನೀರಿನಲ್ಲಿ ಬೇಯಿಸಿ ಬಸಿದರೆ ಹೇಗೋ ನಡೆದುಹೋಗುತ್ತದೆ. ಇಲ್ಲಿ ಮಾತ್ರ ಅದು ಕರಗಿ ಮುದ್ದೆಯಾಗುತ್ತದೆ.

ಕೀಮಾ ಕೆಂಪಗೆ ಹುರಿಯುವುದು

ಪ್ಯಾನನ್ನು ದೊಡ್ಡ ಉರಿಯಲ್ಲಿ ಎರಡು ನಿಮಿಷ ಕಾಯಿಸಿ. ಎಣ್ಣೆ ಹಾಕಿ ಕೀಮಾವನ್ನು ಒಂದೇ ಪದರವಾಗಿ ಒತ್ತಿ ಹರಡಿ, ಮೂರರಿಂದ ನಾಲ್ಕು ನಿಮಿಷ ಮುಟ್ಟಬೇಡಿ. ಇಡೀ ಅಡುಗೆಯ ರುಚಿ ನಿಂತಿರುವುದು ಈ ನಾಲ್ಕು ನಿಮಿಷದ ಮೇಲೆ. ಮಾಂಸದ ನೀರು ಆರಿ, ಮೇಲ್ಮೈ 140 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗಲೇ ಆ ಕಂದು ಬಣ್ಣ, ಆ ಘಮ ಹುಟ್ಟುವುದು. ಹಾಕಿದ ಕ್ಷಣದಿಂದ ಕೈಯಾಡಿಸುತ್ತಿದ್ದರೆ ನೀರು ಬಿಟ್ಟುಕೊಂಡು, ಆ ನೀರಿನಲ್ಲೇ ಬೆಂದು ಬೂದು ಬಣ್ಣಕ್ಕೆ ತಿರುಗುತ್ತದೆ. ಚಿಕ್ಕ ಪ್ಯಾನಿನಲ್ಲಿ ಕೀಮಾ ಒಟ್ಟಿದರೂ, ಫ್ರೀಜರಿನಿಂದ ತೆಗೆದದ್ದನ್ನು ಪೂರ್ತಿ ಕರಗುವ ಮೊದಲೇ ಹಾಕಿದರೂ ಇದೇ ಗತಿ.

ಅಡಿ ಕೆಂಪಾದ ಮೇಲೆ ತಿರುವಿ ಹಾಕಿ, ಮರದ ಸೌಟಿನಿಂದ ಕಡಲೆಕಾಳಿನಷ್ಟು ದೊಡ್ಡ ತುಂಡುಗಳಾಗುವಂತೆ ಒಡೆಯಿರಿ. ಪುಡಿಪುಡಿ ಮಾಡಿದರೆ ಬಾಯಿಗೆ ಮರಳಿನಂತೆ ಸಿಗುತ್ತದೆ. ಇನ್ನೂ ಮೂರು ನಿಮಿಷ ಹುರಿದರೆ ಸಾಕು, ಪೂರ್ತಿ ಬೇಯಲು ಮುಂದೆ ಸಮಯವಿದೆ. ಕೊಚ್ಚಿದ ಬೀಫ್ ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಕುದಿಯುವ ಸ್ಟಾಕಿನಲ್ಲಿ ಅದು ತಾನಾಗಿಯೇ ದಾಟುತ್ತದೆ.

ಈಗ ಕೊಬ್ಬಿನ ಲೆಕ್ಕ. ಅಮೆರಿಕದ ಅಂಗಡಿಗಳಲ್ಲಿ ಕೀಮಾ ಪೊಟ್ಟಣದ ಮೇಲೆ 80/20, 85/15, 93/7 ಎಂದು ಬರೆದಿರುತ್ತಾರೆ. ಎರಡನೆಯ ಅಂಕಿ ಕೊಬ್ಬಿನ ಶೇಕಡಾ ಪ್ರಮಾಣ. ಈ ಅಡುಗೆಗೆ 85/15 ಒಳ್ಳೆಯದು. 80/20 ತಂದಿದ್ದರೆ 450 ಗ್ರಾಂನಲ್ಲಿ 90 ಗ್ರಾಂ ಕೊಬ್ಬೇ ಇರುತ್ತದೆ. ಪ್ಯಾನನ್ನು ವಾರೆ ಮಾಡಿ, ಒಂದು ದೊಡ್ಡ ಚಮಚದಷ್ಟು ಉಳಿಸಿ, ಮಿಕ್ಕದ್ದನ್ನು ಹಳೆಯ ಡಬ್ಬಿಗೆ ತೆಗೆದುಬಿಡಿ. ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ‘ರುಚಿಗೆ ಇರಲಿ’ ಎಂದು ಅಷ್ಟೂ ಕೊಬ್ಬು ಬಿಟ್ಟರೆ, ಆಮೇಲೆ ಚೀಸಿನ ಕೊಬ್ಬೂ ಸೇರಿ ಸಾಸಿನ ಮೇಲೆ ಕಿತ್ತಳೆ ಬಣ್ಣದ ಎಣ್ಣೆ ತೇಲುತ್ತದೆ. 93/7 ಆದರೆ ತೆಗೆಯುವಂಥದ್ದೇನೂ ಇರುವುದಿಲ್ಲ, ಇನ್ನೊಂದು ಚಮಚ ಎಣ್ಣೆಯೇ ಬೇಕಾಗುತ್ತದೆ.

ಮಸಾಲೆ, ಸ್ಟಾಕ್, ಪಾಸ್ತಾ

ಉರಿ ಮಧ್ಯಮಕ್ಕೆ ಇಳಿಸಿ ಈರುಳ್ಳಿ ಮತ್ತು ಅರ್ಧ ಚಮಚ ಉಪ್ಪು ಹಾಕಿ, ಮೆತ್ತಗಾಗುವ ತನಕ ನಾಲ್ಕು ನಿಮಿಷ ಬಾಡಿಸಿ. ಬೆಳ್ಳುಳ್ಳಿ ಅರ್ಧ ನಿಮಿಷ. ಆಮೇಲೆ ಟೊಮೆಟೊ ಪೇಸ್ಟ್ ಹಾಕಿ, ಇಟ್ಟಿಗೆ ಬಣ್ಣ ಬರುವವರೆಗೆ ಒಂದೂವರೆ ನಿಮಿಷ ಹುರಿಯಿರಿ. ಇಲ್ಲದಿದ್ದರೆ ಡಬ್ಬಿಯ ಹಸಿ ವಾಸನೆ ಹೋಗುವುದಿಲ್ಲ. ಪೇಸ್ಟಿನ ಬದಲು ನಾಲ್ಕೈದು ಹಣ್ಣು ಟೊಮೆಟೊ ಹಾಕುವುದು ಬೇಡ. ಅದರ ಹುಳಿಗೆ ಪಾಸ್ತಾ ನಿಧಾನವಾಗಿ ಬೇಯುತ್ತದೆ, ಹಾಲು ಬೇಗ ಒಡೆಯುತ್ತದೆ.

ಪ್ಯಾಪ್ರಿಕಾ ಅಥವಾ ಬ್ಯಾಡಗಿ ಪುಡಿ ಮತ್ತು ಕಾಳುಮೆಣಸಿನ ಪುಡಿಯನ್ನು ಕೊನೆಗೆ ಹಾಕಿ ಒಂದೆರಡು ಸಲ ತಿರುವಿ, ಕೂಡಲೇ ಸ್ಟಾಕ್ ಸುರಿಯಿರಿ. ಸೀದರೆ ಕಹಿ. ಬ್ಯಾಡಗಿಯ ಬಣ್ಣ ಗಾಢ, ಖಾರ ಕಡಿಮೆ, ಆದ್ದರಿಂದ ಪ್ಯಾಪ್ರಿಕಾದ ಜಾಗದಲ್ಲಿ ಅದು ಚೆನ್ನಾಗಿ ಕೂರುತ್ತದೆ. ಗುಂಟೂರು ಪುಡಿಯನ್ನು ಅಷ್ಟೇ ಅಳತೆಯಲ್ಲಿ ಹಾಕಿದರೆ ಮಕ್ಕಳು ತಟ್ಟೆ ಮುಟ್ಟುವುದಿಲ್ಲ. ಅರ್ಧ ಚಮಚ ಜೀರಿಗೆ ಪುಡಿ ಒಪ್ಪುತ್ತದೆ. ಗರಂ ಮಸಾಲೆ ಬೇಡವೇ ಬೇಡ, ಚಕ್ಕೆ ಲವಂಗದ ಮುಂದೆ ಚೆಡ್ಡಾರ್‌ನ ರುಚಿ ನಿಲ್ಲುವುದಿಲ್ಲ.

ಸ್ಟಾಕ್ ಬಿದ್ದ ತಕ್ಷಣ ತಳಕ್ಕೆ ಅಂಟಿದ ಕಂದು ಪದರವನ್ನೆಲ್ಲ ಸೌಟಿನಿಂದ ಕೆರೆದು ಬಿಡಿಸಿ. ಅದು ರುಚಿ ಮಾತ್ರವಲ್ಲ, ಬಿಟ್ಟರೆ ಪಾಸ್ತಾ ತಳ ಹಿಡಿಯಲು ಶುರುವಾಗುವ ಜಾಗವೂ ಅದೇ. ಕುದಿ ಬಂದ ಮೇಲೆ ಮ್ಯಾಕರೋನಿ ಹಾಕಿ, ಮೊದಲ ಎರಡು ನಿಮಿಷ ಬಿಡದೆ ತಿರುವಿ. ಆ ಹೊತ್ತಿನಲ್ಲಿ ಅದರ ಮೇಲ್ಮೈಯ ಹಿಟ್ಟು ಅಂಟಾಗುತ್ತದೆ, ಕಾಳುಗಳು ಒಂದಕ್ಕೊಂದು ಕಚ್ಚಿಕೊಂಡರೆ ಆಮೇಲೆ ಬಿಡಿಸಲಾಗದು. ಬಳಿಕ ಸಣ್ಣ ಉರಿ, ಮುಚ್ಚಳ, ಮತ್ತು ಎರಡೆರಡು ನಿಮಿಷಕ್ಕೊಮ್ಮೆ ತಳದಿಂದ ಒಂದು ತಿರುವು. ದ್ರವ ಪಾಸ್ತಾದ ಮಟ್ಟಕ್ಕೆ ಬಂದಿದ್ದರೆ ಸಾಕು, ಮುಳುಗಿ ತೇಲಬೇಕಿಲ್ಲ.

ಪೊಟ್ಟಣದ ಮೇಲೆ 7 ನಿಮಿಷ ಎಂದಿದ್ದರೆ ಇಲ್ಲಿ ಒಟ್ಟು 11–12 ಹಿಡಿಯುತ್ತದೆ, ಏಕೆಂದರೆ ನೀರು ಕಡಿಮೆ, ಕುದಿಯೂ ಮೆಲ್ಲಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಇನ್ನೂ ಎತ್ತರದಲ್ಲಿರುವ ಅಮೆರಿಕದ ಡೆನ್ವರ್ ನಗರದಲ್ಲಿ 95ಕ್ಕೆ. ಅಲ್ಲೆಲ್ಲ ಇನ್ನೊಂದೆರಡು ನಿಮಿಷ ಮತ್ತು ಕಾಲು ಲೋಟ ಸ್ಟಾಕ್ ಹೆಚ್ಚಿಗೆ ಇಟ್ಟುಕೊಳ್ಳಿ. ಎಂಟನೇ ನಿಮಿಷಕ್ಕೆ ಒಂದು ಕಾಳು ಕಚ್ಚಿ ನೋಡಿ: ಹೊರಗೆ ಮೆತ್ತಗೆ, ನಡುವೆ ಬಿಳಿ ಗೆರೆಯಷ್ಟು ಗಟ್ಟಿ ಇದ್ದರೆ ಹಾಲಿನ ಹೊತ್ತು.

ಹಾಲು ಮತ್ತು ಚೀಸ್

ಫ್ರಿಜ್ಜಿನಿಂದ ಹೊರಗಿಟ್ಟು ತಣುಪು ಇಳಿದ ಹಾಲನ್ನು ನಿಧಾನವಾಗಿ ಸುರಿದು ತಿರುವಿ. ಮುಚ್ಚಳ ತೆಗೆದು, ಅಂಚಿನಲ್ಲಿ ಮಾತ್ರ ಗುಳ್ಳೆ ಬರುವಂತೆ ಮೂರು ನಾಲ್ಕು ನಿಮಿಷ ಬೇಯಿಸಿ. ಹಾಲನ್ನು ಸ್ಟಾಕಿನ ಜೊತೆಗೇ ಹಾಕುವ ವಿಧಾನವೂ ಉಂಟು, ಆದರೆ ಹತ್ತು ನಿಮಿಷ ಟೊಮೆಟೊ ಹುಳಿಯಲ್ಲಿ ಕುದಿದ ಹಾಲು ಸಣ್ಣಗೆ ಗಿಣ್ಣಿನಂತೆ ಒಡೆಯುವ ಸಂಭವ ಜಾಸ್ತಿ. ಈ ಹೊತ್ತಿಗೆ ಪಾಸ್ತಾ ಬಿಟ್ಟ ಗಂಜಿ ಸೇರಿರುವುದರಿಂದ ಆ ಭಯ ಕಡಿಮೆ. ಕೊಬ್ಬಿಲ್ಲದ, ಕೆನೆ ತೆಗೆದ ಹಾಲು ಬೇಗ ಒಡೆಯುತ್ತದೆ.

ಸೌಟಿನಿಂದ ಗೆರೆ ಎಳೆದಾಗ ತಳ ಕಂಡು, ಒಂದು ಕ್ಷಣ ಬಿಟ್ಟು ಮುಚ್ಚಿಕೊಳ್ಳಬೇಕು. ಅದು ಹದ. ‘ಸ್ವಲ್ಪ ತೆಳುವಾಯಿತಲ್ಲ’ ಅನ್ನಿಸುವಾಗಲೇ ನಿಲ್ಲಿಸಿ, ಚೀಸ್ ಬಿದ್ದು ಐದು ನಿಮಿಷದಲ್ಲಿ ಮಂದವಾಗುತ್ತದೆ.

ಉರಿ ಆರಿಸಿ. ಕಾಯಿಲ್ ಇರುವ ವಿದ್ಯುತ್ ಒಲೆಯಾದರೆ ಆರಿಸಿದರಷ್ಟೇ ಸಾಲದು, ಕಾಯಿಲ್ ಇನ್ನೂ ಕಾದೇ ಇರುತ್ತದೆ, ಪ್ಯಾನನ್ನೇ ಪಕ್ಕಕ್ಕೆ ಎತ್ತಿಡಿ. ಎರಡು ನಿಮಿಷ ಕಾದು, ಚೀಸನ್ನು ಮೂರು ಹಿಡಿಯಾಗಿ, ಒಂದು ಕರಗಿದ ಮೇಲೆ ಇನ್ನೊಂದರಂತೆ ಹಾಕಿ ತಿರುವಿ. ಕುದಿಯುವ ಪ್ಯಾನಿಗೆ ಒಟ್ಟಿಗೆ ಸುರಿದರೆ ಚೀಸಿನ ಪ್ರೋಟೀನ್ ಬಿಗಿದು ಉಂಡೆಯಾಗುತ್ತದೆ, ಕೊಬ್ಬು ಹೊರಗೆ ಬರುತ್ತದೆ, ಸಾಸ್ ರವೆರವೆಯಾಗುತ್ತದೆ. ಹಾಗಾದರೆ ಎರಡು ಚಮಚ ತಣ್ಣನೆಯ ಹಾಲಿಗೆ ಅರ್ಧ ಚಮಚ ಕಾರ್ನ್‌ಫ್ಲೋರ್ ಕದಡಿ, ಅತಿ ಸಣ್ಣ ಉರಿಯಲ್ಲಿ ಹಾಕಿ ತಿರುವಿ ನೋಡಿ. ಪೂರ್ತಿ ಅಲ್ಲದಿದ್ದರೂ ತಿನ್ನುವಷ್ಟು ಸರಿಹೋಗುತ್ತದೆ.

ಯಾವ ಚೀಸ್ ಎಂಬುದೂ ಮುಖ್ಯ. ಮಧ್ಯಮವಾಗಿ ಮಾಗಿದ ಚೆಡ್ಡಾರ್ ಅತ್ಯುತ್ತಮ. ಎರಡು ವರ್ಷ ಮಾಗಿದ್ದು ರುಚಿ ಹೆಚ್ಚಾದರೂ ಎಣ್ಣೆ ಬಿಡುತ್ತದೆ. ತುರಿದೇ ಮಾರುವ ಪೊಟ್ಟಣದ ಚೀಸಿಗೆ ಅಂಟದಿರಲಿ ಎಂದು ಪಿಷ್ಟ ಅಥವಾ ಸೆಲ್ಯುಲೋಸ್ ಬೆರೆಸಿರುತ್ತಾರೆ, ಸಾಸ್ ಅಷ್ಟು ನುಣುಪು ಬರದು. ಭಾರತದಲ್ಲಿ ಸುಲಭವಾಗಿ ಸಿಗುವ ಅಮುಲ್‌ನಂಥ ಪ್ರೋಸೆಸ್ಡ್ ಚೀಸ್ ಇಲ್ಲಿ ನಿಜಕ್ಕೂ ಉಪಕಾರಿ. ಅದರಲ್ಲಿರುವ ಎಮಲ್ಸಿಫೈಯಿಂಗ್ ಲವಣಗಳಿಂದಾಗಿ (ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುವ ಲವಣಗಳು) ಒಡೆಯುವುದೇ ಅಪರೂಪ. ಆದರೆ ಉಪ್ಪು ಜಾಸ್ತಿ, ರುಚಿ ಸಪ್ಪೆ. 100 ಗ್ರಾಂ ಪ್ರೋಸೆಸ್ಡ್, 70 ಗ್ರಾಂ ಚೆಡ್ಡಾರ್ ಬೆರೆಸುವುದು ನಮ್ಮ ಶಿಫಾರಸು. ಬರೀ ಮೊಝರೆಲ್ಲಾ ಹಾಕಿದರೆ ನೂಲು ನೂಲಾಗಿ ಎಳೆಯುತ್ತದೆಯೇ ಹೊರತು ಸಾಸ್ ಆಗದು. ಪನೀರ್ ಕರಗುವುದೇ ಇಲ್ಲ.

ಉಪ್ಪು ನೋಡುವುದು ಚೀಸ್ ಕರಗಿದ ಮೇಲೆ. ಅದಕ್ಕೂ ಮೊದಲು ಸರಿ ಮಾಡಿದ್ದೆಲ್ಲ ಕೊನೆಗೆ ಉಪ್ಪುಪ್ಪಾಗುತ್ತದೆ.

ಕರ್ನಾಟಕದಲ್ಲಿ ಮಾಡುವುದಾದರೆ

2020ರ ಜಾನುವಾರು ಹತ್ಯೆ ತಡೆ ಕಾಯಿದೆಯ ಪ್ರಕಾರ ರಾಜ್ಯದಲ್ಲಿ ಹಸು, ಎತ್ತು, ಕರುಗಳ ವಧೆ ನಿಷಿದ್ಧ. ವಿನಾಯಿತಿ ಇರುವುದು 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ. ಬಲಿತ ಎಮ್ಮೆಯ ಮಾಂಸಕ್ಕೆ ಕೊಬ್ಬು ಕಡಿಮೆ, ನಾರು ಹೆಚ್ಚು. ಎರಡು ಸಲ ಕೊಚ್ಚಿಸಿ, ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಹುರಿದು, ಪಾಸ್ತಾ ಹಾಕುವ ಮೊದಲು ಸ್ಟಾಕಿನಲ್ಲಿ ಮುಚ್ಚಿ 20 ನಿಮಿಷ ಬೇಯಿಸಿ. ಆ ಹೊತ್ತಿನಲ್ಲಿ ಆರುವುದಕ್ಕೆಂದು 150 ಮಿ.ಲೀ. ನೀರು ಹೆಚ್ಚಿಗೆ ಹಾಕಬೇಕು. ಮಟನ್ ಕೀಮಾವಾದರೂ ಇದೇ ಕ್ರಮ, ಆದರೆ ಕೊಬ್ಬು ತೆಗೆಯುವುದನ್ನು ಮರೆಯಬೇಡಿ.

ಹೆಚ್ಚು ಜನರಿದ್ದರೆ, ಉಳಿದರೆ

ಎಲ್ಲವನ್ನೂ ಇಮ್ಮಡಿ ಮಾಡುವಾಗ ದ್ರವವನ್ನು ಮಾತ್ರ ಇಮ್ಮಡಿಸಬೇಡಿ. ಆರುವ ನೀರು ಪ್ಯಾನಿನ ಅಗಲಕ್ಕೆ ತಕ್ಕಂತೆ, ಮಾಂಸದ ತೂಕಕ್ಕೆ ತಕ್ಕಂತೆ ಅಲ್ಲ. 450 ಗ್ರಾಂ ಪಾಸ್ತಾಗೆ 6 ಲೀಟರಿನ ಪಾತ್ರೆ, ಒಂದು ಲೀಟರ್ ಸ್ಟಾಕ್, 300 ಮಿ.ಲೀ. ಹಾಲಿನಿಂದ ಶುರು ಮಾಡಿ. ಕೀಮಾವನ್ನು ಎರಡು ಕಂತಿನಲ್ಲಿ ಹುರಿಯಿರಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಮರುದಿನ ಅದು ಹಲಗೆಯಂತೆ ಗಟ್ಟಿಯಾಗಿರುತ್ತದೆ. ಬಟ್ಟಲಿಗೆ ಮೂರು ಚಮಚ ಹಾಲು ಹಾಕಿ, ಮೈಕ್ರೋವೇವನ್ನು ಅರ್ಧ ಶಕ್ತಿಯಲ್ಲಿಟ್ಟು ನಡುವೆ ಒಮ್ಮೆ ತಿರುವಿ, ಒಳಗೂ ಹೊಗೆಯಾಡುವಷ್ಟು ಬಿಸಿ ಮಾಡಿ. ಪೂರ್ತಿ ಶಕ್ತಿಯಲ್ಲಿಟ್ಟರೆ ಎಣ್ಣೆ ಬಿಡುತ್ತದೆ. ಫ್ರೀಜರಿಗೆ ಇಡುವ ಯೋಚನೆಯಿದ್ದರೆ ಟೊಮೆಟೊ ಪೇಸ್ಟ್ ಹುರಿದ ಹಂತದಲ್ಲೇ ಕೀಮಾವನ್ನು ತೆಗೆದಿಡಿ. ಎರಡು ತಿಂಗಳು ಚೆನ್ನಾಗಿರುತ್ತದೆ. ಬೇಕಾದ ದಿನ ಕರಗಿಸಿ, ಸ್ಟಾಕ್ ಮತ್ತು ಪಾಸ್ತಾ ಹಾಕಿದರೆ 20 ನಿಮಿಷದಲ್ಲಿ ಊಟ ಸಿದ್ಧ.