ಹಿಂಬಾಗಿಲಿನ ಥೈಮಿಡಿನ್

"ಬಿಟ್ಟುಬಿಡಿ ಸಾರ್, ಈ ಕಾಂಪೌಂಡ್ ಸತ್ತಿದೆ" ಅಂತ ನಮ್ಮ ಲ್ಯಾಬ್‌ನಲ್ಲೇ ಮೂರು ಜನ ಹೇಳಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಸುವ ಆಹಾರ) ರೆಸಿಪಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಡಿಎಚ್‌ಎಫ್‌ಆರ್ ತಡೆಯುವ ಕಾಂಪೌಂಡ್‌ಗಳ ಸರಣಿ. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ಘಟಕವನ್ನು ಬ್ಯಾಕ್ಟೀರಿಯಾ ತಾವೇ ಮಾಡಿಕೊಳ್ಳಲು ಬೇಕಾದ ಎಂಜೈಮ್ ಅದು. ಟ್ರೈಮೆಥೋಪ್ರಿಮ್ ಎಂಬ ಹಳೇ ಆಂಟಿಬಯೋಟಿಕ್‌ನ ದೂರದ ನೆಂಟ ಅಂದುಕೊಳ್ಳಿ. ಶುದ್ಧ ಎಂಜೈಮ್ ಮೇಲೆ ಚೆನ್ನಾಗಿ ಹಿಡಿಯುತ್ತಿತ್ತು. ಇ. ಕೋಲೈ ಬ್ಯಾಕ್ಟೀರಿಯಾ ಮೇಲೆ ಹಾಕಿದರೆ ಎಂಐಸಿ (ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ, ಎಂಎಲ್‌ಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ) ಒಂದು ದಿನ 2, ಇನ್ನೊಂದು ದಿನ 32. ಮೊದಲು ಎಫ್ಲಕ್ಸ್ ಮೇಲೆ, ಅಂದರೆ ಬ್ಯಾಕ್ಟೀರಿಯಾ ಔಷಧವನ್ನು ಹೊರಗೆ ಪಂಪ್ ಮಾಡುವುದರ ಮೇಲೆ, ಅನುಮಾನ ಬಂತು. ಆ ಪಂಪ್‌ನ ಭಾಗವಾದ ಟಾಲ್‌ಸಿ ಇಲ್ಲದ ಸ್ಟ್ರೈನ್ (ತಳಿ) ತಂದು ನೋಡಿದೆ. ಎಂಐಸಿ ಇಳಿಯಿತು, ಕುಣಿತ ಮಾತ್ರ ನಿಲ್ಲಲಿಲ್ಲ. ಹೊರಗಿನ ಲ್ಯಾಬ್‌ಗೂ ಕಳಿಸಿದೆವು. ಬಿಲ್ ಎರಡು ಲಕ್ಷದ ಹತ್ತಿರ ಆಯಿತು, ಬಂದ ಅಂಕಿಗಳಲ್ಲೂ ಅದೇ ಗೊಂದಲ.

ಕಣ್ಣು ತೆರೆಸಿದ್ದು ಟ್ರೈಮೆಥೋಪ್ರಿಮ್ ಕಂಟ್ರೋಲ್. ಎಟಿಸಿಸಿ 25922 ಎಂಬ ಪ್ರಮಾಣಿತ ಇ. ಕೋಲೈ ತಳಿಗೆ ಅದರ ಎಂಐಸಿ 0.5ರಿಂದ 2 ಮೈಕ್ರೋಗ್ರಾಂ ಒಳಗೆ ಬರಬೇಕು, ಅಲ್ವಾ? ನಮಗೆ 8 ಬಂದ ದಿನ ಪ್ಲೇಟನ್ನು ಕಿಟಕಿಗೆ ಹಿಡಿದೆ. ಸಾಲಾಗಿ ನಾಲ್ಕೈದು ವೆಲ್‌ಗಳಲ್ಲಿ (ಪ್ಲೇಟಿನ ಗುಳಿಗಳಲ್ಲಿ) ಅಕ್ಕಿ ತೊಳೆದ ನೀರಿನಂಥ ಮಬ್ಬು. ಬೆಳವಣಿಗೆ 80% ಇಳಿದ ವೆಲ್ ನೋಡಿ ಎಂಐಸಿ ಓದುವುದು ರೂಢಿ, ನಿಜ. ಆದರೆ ಈ ಮಬ್ಬು ಆ ಲೆಕ್ಕಕ್ಕೂ ಜಾಸ್ತಿ. ಆ ವಾರ ಮುಲ್ಲರ್-ಹಿಂಟನ್ ಎಂಬ ಮೀಡಿಯಾ ಪುಡಿಯ ಡಬ್ಬಿ ಬದಲಾಗಿತ್ತು. ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ್ದು ನಾನೇ! ಆ ಪುಡಿಯಲ್ಲಿ ಥೈಮಿಡಿನ್ ಇತ್ತು. ನಾವು ಮುಂಬಾಗಿಲು ಮುಚ್ಚುತ್ತಿದ್ದೆವು, ಹಿಂಬಾಗಿಲಿನಿಂದ ಊಟ ಹೋಗುತ್ತಿತ್ತು.

ಲೈಸ್ ಮಾಡಿದ (ಕೋಶ ಒಡೆದ) ಕುದುರೆ ರಕ್ತ ಸೇರಿಸುವುದು ಹಳೇ ಉಪಾಯ. ಕುದುರೆ ರಕ್ತಕ್ಕಾಗಿ ತಿಂಗಳು ಕಾಯಬೇಕು ಅಂದರು. ರಕ್ತ ರಕ್ತವೇ ತಾನೇ ಅಂತ ಕುರಿ ರಕ್ತ ಹಾಕಿದೆ. ದಡ್ಡತನ. ಥೈಮಿಡಿನ್ ಒಡೆಯುವ ಫಾಸ್ಫೊರಿಲೇಸ್ ಇರುವುದು ಕುದುರೆಯದರಲ್ಲಿ. ಕೊನೆಗೆ ಆ ಎಂಜೈಮನ್ನೇ ಕೊಂಡು ಎಂಎಲ್‌ಗೆ ಸುಮಾರು 0.2 ಯೂನಿಟ್ ಹಾಕಿದೆ. ಮಬ್ಬು ಹೋಯಿತು. ಎಂಐಸಿ 1ರ ಆಸುಪಾಸಿನಲ್ಲಿ ಕೂತಿತು, ಸತತ ಆರು ಸಲ. ಇನಾಕ್ಯುಲಮ್ (ವೆಲ್‌ಗೆ ಹಾಕುವ ಬ್ಯಾಕ್ಟೀರಿಯಾ) ಎಷ್ಟು ಸಲ, ಯಾವುದರಲ್ಲಿ ತೊಳೆಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮಧ್ಯೆ ಸುಮ್ನೆ ಕುತೂಹಲಕ್ಕೆ ಎಂ9 ಎಂಬ ಸರಳ ಮೀಡಿಯಾದಲ್ಲೂ ಕಾಂಪೌಂಡ್ ಹಾಕಿ ನೋಡಿದೆ. ಬರೀ ಗ್ಲೂಕೋಸ್ ಇದ್ದರೆ ಬ್ಯಾಕ್ಟೀರಿಯಾ ಬೆಳೆಯದೆ ಕೂತಿತು, ಸಾಯಲಿಲ್ಲ. ಅಮೈನೋ ಆಮ್ಲಗಳು ಮತ್ತು ಅಡೆನಿನ್ ಕೊಟ್ಟು ಥೈಮಿಡಿನ್ ಮಾತ್ರ ತಪ್ಪಿಸಿದೆ. ನಾಲ್ಕು ಗಂಟೆಯಲ್ಲಿ ಕಾಲೊನಿಗಳು ನೂರು ಪಟ್ಟು ಇಳಿದವು. ಹೊಟ್ಟೆ ತುಂಬಿಸಿ ಒಂದೇ ಒಂದು ಪದಾರ್ಥ ತಪ್ಪಿಸಿದರೆ ಸಾಯುತ್ತವೆ! ಇದರ ಮೇಲೇ ಎರಡು ವಾರ ಹಾಳು ಮಾಡಿದೆ. ಬಾಸ್‌ಗೆ ಹೇಳಿಲ್ಲ.

ಆಮೇಲೆ ಇಲಿ. ಮೊದಲ ಪ್ರಯೋಗದಲ್ಲಿ ನಾಲ್ಕು ಲಕ್ಷ ನೀರಿಗೆ ಹೋಯಿತು. ಇಲಿಯ ರಕ್ತದಲ್ಲಿ ಥೈಮಿಡಿನ್ ಮನುಷ್ಯರಿಗಿಂತ ಎಷ್ಟೋ ಜಾಸ್ತಿ. ಗೊತ್ತಿದ್ದೂ ಮರೆತಿದ್ದೆ. ಎರಡನೇ ಸಲ ಥೈಮಿಡಿನ್ ಕೈನೇಸ್ ಇಲ್ಲದ ಸ್ಟ್ರೈನ್ ಚುಚ್ಚಿದೆವು. ಅದಕ್ಕೆ ಹೊರಗಿನ ಥೈಮಿಡಿನ್ ಸಿಕ್ಕರೂ ಬಳಸಲು ಬರುವುದಿಲ್ಲ. ತೊಡೆಯ ಸ್ನಾಯುವಿನಲ್ಲಿ ಬ್ಯಾಕ್ಟೀರಿಯಾ ಎರಡೂವರೆ ಲಾಗ್ (ಸುಮಾರು ಮುನ್ನೂರು ಪಟ್ಟು) ಇಳಿಯಿತು. ಕಾಂಪೌಂಡ್‌ನ ಅಣುವಿನ ರಿಂಗ್‌ನಲ್ಲಿ ಏನು ಬದಲಾಯಿಸಿದ್ದೇವೆ ಅಂತ ಕೇಳಬೇಡಿ, ಪೇಟೆಂಟ್ ಅರ್ಜಿ ಹೋಗಿದೆ.

ಆ ಅಗ್ಗದ ಡಬ್ಬಿ ಇನ್ನೂ ಶೆಲ್ಫ್‌ನಲ್ಲಿದೆ. ಥೈಮಿಡಿನ್ ಇರುವ ಕಂಟ್ರೋಲ್ ಬೇಕಾದಾಗ ಅದನ್ನೇ ಬಳಸುತ್ತೇನೆ.